ಕನಸಿನ ಕಾರ್ಖಾನೆಯ ಜಮಾ-ಖರ್ಚು

ನಮ್ಮ ಸಾಹಿತ್ಯ ಕೂಟದಲ್ಲಿ ‘ಜನಪ್ರಿಯ ಕಾದಂಬರಿ’ ಎಂಬ ಮಾತು ಬಂದರೆ ಸಾಕು, ಹಿರಿಯ ಮಿತ್ರರು ಮೂಗು ಮುರಿಯುತ್ತಾರೆ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು, ಊಟ ಆದ ಮೇಲೆ ನಿದ್ದೆ ಬರೋ ತನಕ ಓದೋದಕ್ಕೆ ಸರಿ, ಅದರ ಮೇಲೆ ಚರ್ಚೆ ಯಾಕೆ ಎಂಬುದು ಅವರ ವಾದ. ನಾನು ಬಿ.ಕಾಂ. ವಿದ್ಯಾರ್ಥಿ, ವಿಮರ್ಶೆಯ ಪರಿಭಾಷೆ ನನಗೆ ಅಷ್ಟಾಗಿ ಬಾರದು. ಆದರೂ ಅಂಥ ಒಂದು ಧಾರಾವಾಹಿಯ ಪರವಾಗಿ ನಾಲ್ಕು ಮಾತು ಬರೆಯಬೇಕೆನಿಸಿದೆ. ಸಂಪಾದಕರು ಜಾಗ ಕೊಟ್ಟಿದ್ದಾರೆ, ಓದುಗ ಮಿತ್ರರು ತಾಳ್ಮೆ ಕೊಟ್ಟರೆ ಸಾಕು.

ಕಾದಂಬರಿ ತಮಿಳಿನದು. ಹೆಸರು ‘ಕನವುತ್ ತೊಳಿರ್ಚಾಲೈ’, ಅಂದರೆ ಕನಸಿನ ಕಾರ್ಖಾನೆ. 1980ರ ಆಸುಪಾಸಿನಲ್ಲಿ ‘ಆನಂದ ವಿಕಟನ್’ ವಾರಪತ್ರಿಕೆಯಲ್ಲಿ ಬಂದದ್ದು. ಬರೆದವರು ಸುಜಾತಾ. ಹೆಸರು ನೋಡಿ ಹೆಂಗಸು ಎಂದುಕೊಳ್ಳಬೇಡಿ, ಎಸ್. ರಂಗರಾಜನ್ ಎಂಬ ಎಂಜಿನಿಯರು ಹೆಂಡತಿಯ ಹೆಸರನ್ನೇ ಕಾವ್ಯನಾಮ ಮಾಡಿಕೊಂಡಿದ್ದರು. ನಮಗೆ ಇನ್ನೂ ಹತ್ತಿರದ ಸಂಗತಿ ಎಂದರೆ, ಅವರು ಬಹಳ ವರ್ಷ ಬೆಂಗಳೂರಿನ ಬಿ.ಇ.ಎಲ್. ಸಂಸ್ಥೆಯಲ್ಲಿದ್ದವರು, ಮತಯಂತ್ರವನ್ನು ರೂಪಿಸಿದವರಲ್ಲಿ ಒಬ್ಬರು. 2008ರಲ್ಲಿ ತೀರಿಕೊಂಡರು. ತಾಳವಾಡಿ ಕಡೆ ಕನ್ನಡ ಮಾಧ್ಯಮದಲ್ಲಿ ಕಲಿತ ನಾನು ತಮಿಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದುವವನು. ಹೀಗಾಗಿ ಬೇರೆಯವರು ಎರಡು ದಿನಕ್ಕೆ ಮುಗಿಸೋ ಪುಸ್ತಕ ನನಗೆ ಒಂದು ತಿಂಗಳು ಹಿಡಿಯಿತು. ನಿಧಾನಕ್ಕೆ ಓದಿದ್ದೇ ಒಳ್ಳೆಯದಾಯಿತು ಅಂತ ಈಗ ಅನಿಸುತ್ತದೆ.

ಕಥೆಯಲ್ಲಿ ಅರುಣ್ ಎಂಬ ನಟ ಕೀರ್ತಿಯ ತುತ್ತತುದಿಯಲ್ಲಿದ್ದಾನೆ. ಅವನ ಸುತ್ತ ನಿರ್ಮಾಪಕರು, ಪತ್ರಿಕೆಯವರು, ಅಭಿಮಾನಿಗಳು, ಜತೆಯ ನಟಿಯರು. ಅದೇ ಲೋಕದ ಇನ್ನೊಂದು ಮೂಲೆಯಲ್ಲಿ ಅರುಮೈರಾಸನ್ ಎಂಬಾತ ಸಿನಿಮಾಕ್ಕೆ ಹಾಡು ಬರೆಯಬೇಕೆಂದು ಬಾಗಿಲು ಬಾಗಿಲು ತಟ್ಟುತ್ತಿದ್ದಾನೆ. ಇವರಿಬ್ಬರಿಗೂ ಕೆಳಗೆ ಮನೋನ್ಮಣಿ ಎಂಬ ಎಕ್ಸ್‌ಟ್ರಾ ಇದ್ದಾಳೆ. ಗುಂಪಿನಲ್ಲಿ ನಿಲ್ಲೋದು, ನಾಯಕಿಯ ಹಿಂದೆ ಕುಣಿಯೋದು ಅವಳ ಕೆಲಸ. ಕಥೆ ಅರುಣನದು ಎಂದು ಪುಸ್ತಕ ಹೇಳಬಹುದು, ನಾನು ಒಪ್ಪುವುದಿಲ್ಲ. ಅರುಣನ ದುಃಖ ಓದುವಾಗ ನನಗೆ ಎದೆಗೆ ತಟ್ಟಲೇ ಇಲ್ಲ. ದೊಡ್ಡ ಮನೆಯವರ ದುಃಖ, ಕಿಟಕಿಯ ಗಾಜಿನ ಆಚೆ ನಿಂತು ನೋಡಿದ ಹಾಗೆ. ಮನೋನ್ಮಣಿ ಬಂದಾಗಲೆಲ್ಲ ಮಾತ್ರ ಪುಟ ತಿರುವೋದಕ್ಕೆ ಭಯವಾಗುತ್ತಿತ್ತು. ಅವಳಿಗೆ ಸಿಗುವುದು ಪಾತ್ರವಲ್ಲ, ಭರವಸೆ. ಭರವಸೆಯನ್ನು ಅಂಗಡಿಯವನು ಸಾಲಕ್ಕೆ ತಗೊಳ್ಳೋದಿಲ್ಲವಲ್ಲ!

ಇದು ಬರಿ ಕಟ್ಟುಕಥೆ ಎನ್ನುವವರಿಗೆ ಒಂದು ಮಾತು. ನಮ್ಮ ಊರಿನ ಕಡೆಯಿಂದ ಬಂದ ಒಬ್ಬ ಅಕ್ಕ ವಡಪಳನಿಯಲ್ಲಿದ್ದಾರೆ. ಮದುವೆಮನೆ, ಸಂತೆ, ಕೋರ್ಟು, ಎಲ್ಲಾ ದೃಶ್ಯಕ್ಕೂ ಜನ ಬೇಕಲ್ಲ, ಆ ಜನರಲ್ಲಿ ಅವರೂ ಒಬ್ಬರು. ಈಗ ‘ಎಕ್ಸ್‌ಟ್ರಾ’ ಅನ್ನೋದಿಲ್ಲ, ‘ಜೂನಿಯರ್ ಆರ್ಟಿಸ್ಟ್’ ಅಂತಾರೆ. ಹೆಸರು ದೊಡ್ಡದಾಗಿದೆ. ಕತ್ತಲು ಹರಿಯೋ ಮುಂಚೆ ವ್ಯಾನು ಹತ್ತಬೇಕು, ರೇಷ್ಮೆ ಸೀರೆ ಉಟ್ಟು ಬಿಸಿಲಲ್ಲಿ ದಿನವಿಡೀ ಕೂರಬೇಕು. ಸಂಜೆ ಕೂಲಿ ಕೊಡುವಾಗ ಏಜೆಂಟ್ ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಕೈಗಿಡುತ್ತಾನೆ, ರಸೀದಿ ಇಲ್ಲ. ಮನೋನ್ಮಣಿಯ ಭಾಗಗಳನ್ನು ಅವರಿಗೆ ಓದಿ ಕನ್ನಡದಲ್ಲಿ ಹೇಳಿದೆ. ಸುಮ್ಮನೆ ಕೇಳಿ, “ಇದ ಬರ್ದಿರೋದು ಗಂಡ್ಸಾ, ಹೆಂಗ್ಸಾ?” ಅಂದರು. ಹೆಂಡತಿ ಹೆಸರಿಟ್ಟುಕೊಂಡ ಗಂಡಸು ಅಂದೆ. “ಹಂಗಾರೆ ಆಯಮ್ಮನೇ ಹೇಳ್ಕೊಟ್ಟಿರ್ಬೇಕು ಕಣಪ್ಪಾ” ಅಂದರು. ಯಾವ ವಿಮರ್ಶಕರು ಈ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಕೊಟ್ಟಾರು?

ಈಗ ನನ್ನ ಶಾಸ್ತ್ರಕ್ಕೆ ಬರುತ್ತೇನೆ. ನಮ್ಮ ಅಕೌಂಟೆನ್ಸಿ ಪಾಠದಲ್ಲಿ ‘ಗುಡ್‌ವಿಲ್’ ಎಂಬುದೊಂದಿದೆ. ಕಣ್ಣಿಗೆ ಕಾಣದ ಆಸ್ತಿ, ಹೆಸರಿನಿಂದ ಬರುವ ಬೆಲೆ. ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ಅನ್ನು ಲೆಕ್ಕದ ಪುಸ್ತಕದಲ್ಲಿ ತೋರಿಸಬಹುದು, ತಾನೇ ಬೆಳೆಸಿಕೊಂಡದ್ದನ್ನು ತೋರಿಸುವ ಹಾಗಿಲ್ಲ. ತಾರಾಪದವಿ ಎಂಬುದು ಇದೇ ಅಲ್ಲವೆ? ನಟನ ಹೆಸರು ಅವನು ಬೆಳೆಸಿಕೊಂಡದ್ದು, ಅವನ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. ಆ ಹೆಸರಿನ ಮೇಲೆ ಸಾಲ ಎತ್ತುವವನು ಒಬ್ಬ, ಪ್ರದೇಶವಾರು ಹಂಚಿಕೆಯ ಹಕ್ಕು ಕೊಳ್ಳುವವನು ಇನ್ನೊಬ್ಬ. ಯಂತ್ರಕ್ಕಾದರೆ ವರ್ಷಕ್ಕಿಷ್ಟು ಸವಕಳಿ ಎಂದು ದರ ಇದೆ. ಮುಖಕ್ಕೆ ದರ ಗೊತ್ತು ಮಾಡಿದವರು ಯಾರು? ಎರಡು ಚಿತ್ರ ಸೋತರೆ ಸಾಕು, ಆಸ್ತಿ ಇದ್ದಕ್ಕಿದ್ದ ಹಾಗೆ ಹೊರೆಯಾಗುತ್ತದೆ. ಅರುಣನ ಸುತ್ತಲಿನವರ ಮಾತಿನ ಧಾಟಿ ಬದಲಾಗುವುದನ್ನು ಓದುವಾಗ ನನಗೆ ಆಡಾವೆ ಪತ್ರಿಕೆಯೇ ಕಣ್ಣ ಮುಂದೆ ಬಂತು.

ಪುಸ್ತಕದ ಹೆಸರಿನಲ್ಲೇ ಒಂದು ತಮಾಷೆ ಇದೆ. ಸುಜಾತಾ ಅದನ್ನು ಕಾರ್ಖಾನೆ ಎಂದು ಕರೆದರು. ಸರ್ಕಾರ ಸಿನಿಮಾವನ್ನು ಉದ್ಯಮ ಎಂದು ಒಪ್ಪಿದ್ದು 1998ರಲ್ಲಿ! ಅಲ್ಲಿಯವರೆಗೆ ಬ್ಯಾಂಕುಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಹಾಗಾದರೆ ಅಷ್ಟು ದಶಕ ಕನಸು ತಯಾರಾದದ್ದು ಯಾರ ದುಡ್ಡಿನಲ್ಲಿ? ಹೆಚ್ಚು ದೂರ ಹೋಗುವುದು ಬೇಡ. ಕೋಡಂಬಾಕ್ಕಮ್ಮಿನ ಸ್ಟುಡಿಯೋಗಳಿಗೂ ನಮ್ಮ ಸೌಕಾರ್‌ಪೇಟೆಗೂ ನಡುವೆ ಇದ್ದ ನಂಟು ಅದೇ. ಸೌಕಾರ್ ಎಂದರೆ ನಮ್ಮ ಸಾಹುಕಾರ, ಬೇರೆ ಅಲ್ಲ. ಚಿತ್ರದ ನೆಗೆಟಿವ್ ಮೇಲೆ, ಪ್ರೋನೋಟಿನ ಮೇಲೆ ಇಲ್ಲಿನ ಸೇಠ್‌ಗಳು ಕೊಟ್ಟ ಸಾಲದಿಂದ ಎಷ್ಟೋ ಚಿತ್ರ ತೆರೆ ಕಂಡಿವೆ. ಇಲ್ಲಿನ ಮಿಂಟ್ ಬೀದಿಯಲ್ಲೇ ರಘುಪತಿ ವೆಂಕಯ್ಯನವರು ಕಟ್ಟಿಸಿದ ‘ಕ್ರೌನ್’ ಚಿತ್ರಮಂದಿರ ಇತ್ತು. ದಕ್ಷಿಣದಲ್ಲಿ ಸಿನಿಮಾಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಅವರು ಕೊನೆಗೆ ಹಣದ ಮುಗ್ಗಟ್ಟಿನಲ್ಲಿ ಚಿತ್ರಮಂದಿರಗಳನ್ನೇ ಕಳೆದುಕೊಂಡರು. ನಾನು ಸಂಜೆ ಹೊತ್ತು ಗೋವಿಂದಪ್ಪ ನಾಯಕ್ಕನ್ ಬೀದಿಯ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವವನು; ಬಡ್ಡಿ ರಾತ್ರಿ ಹೊತ್ತು ಮಲಗೋದಿಲ್ಲ ಎಂಬುದನ್ನು ನನಗೆ ಕಾಲೇಜು ಹೇಳಿಕೊಡಬೇಕಾಗಿರಲಿಲ್ಲ. ಕಾದಂಬರಿಯ ಮೇಲೆ ನನ್ನ ದೊಡ್ಡ ತಕರಾರು ಇದೇ: ಮೇಕಪ್ ಕೋಣೆಯನ್ನು ತೋರಿಸಿದಷ್ಟು ವಿವರವಾಗಿ ಗಾದಿ ಹಾಸಿದ ಸೇಠ್ ಕೋಣೆಯನ್ನು ತೋರಿಸಿಲ್ಲ. ನಟನಿಗೆ ಬರುವ ದುಡ್ಡಿನ ಮಾತು ಇದೆ, ಆ ದುಡ್ಡು ಹೊರಟ ಜಾಗದ ಮಾತು ನನಗೆ ಸಾಲದು.

ಸುಜಾತಾ ಅವರದೇ ಇನ್ನೊಂದು ಕಾದಂಬರಿ ‘ಪ್ರಿಯಾ’ ನಮ್ಮವರಿಗೆ ಸಿನಿಮಾ ಆಗಿ ಗೊತ್ತಿರಬೇಕು. ಅದೂ ಒಬ್ಬ ನಟಿಯ ಕಥೆ. ತಮಿಳು, ಕನ್ನಡ ಎರಡರಲ್ಲೂ ಒಟ್ಟಿಗೆ ಚಿತ್ರೀಕರಣವಾಗಿ 1978ರಲ್ಲಿ ತಮಿಳು, 1979ರಲ್ಲಿ ಕನ್ನಡ ತೆರೆಗೆ ಬಂತು. ರಜನೀಕಾಂತ್, ಶ್ರೀದೇವಿ, ಅಂಬರೀಶ್. ಪುಸ್ತಕದ ಲಂಡನ್ ಚಿತ್ರದಲ್ಲಿ ಸಿಂಗಪುರವಾಯಿತು. ನಟಿಯ ಸಂಪಾದನೆ ನಟಿಯ ಕೈಯಲ್ಲಿಲ್ಲ, ಅವಳ ವ್ಯವಹಾರ ನೋಡಿಕೊಳ್ಳುವವನ ಕೈಯಲ್ಲಿದೆ ಎಂಬುದು ಕಥೆಯ ಬೀಗ. ಆ ಪಾತ್ರ ಮಾಡುವಾಗ ಶ್ರೀದೇವಿಗೆ ಹದಿನೈದು ವರ್ಷ. ಇದನ್ನು ನೆನೆದರೆ ಚಿತ್ರದ ಹಾಡು ಕೇಳುವ ಖುಷಿ ಸ್ವಲ್ಪ ಕಮ್ಮಿಯಾಗುತ್ತದೆ.

ಇಷ್ಟೆಲ್ಲ ಓದಿದ ಮೇಲೆ ನನಗೆ ಕಾಡಿದ ಪ್ರಶ್ನೆ ಕನ್ನಡದ್ದು. ನಮ್ಮ ಜನಪ್ರಿಯ ಕಾದಂಬರಿಗಳು ತಾರೆಗಳನ್ನು ಹುಟ್ಟಿಸಿವೆ. ತ್ರಿವೇಣಿಯವರ ‘ಬೆಳ್ಳಿ ಮೋಡ’, ‘ಶರಪಂಜರ’, ಎಂ.ಕೆ. ಇಂದಿರಾ ಅವರ ‘ಗೆಜ್ಜೆ ಪೂಜೆ’ ಇಲ್ಲದೆ ನಟಿ ಕಲ್ಪನಾ ಇಲ್ಲ. ಟಿ.ಕೆ. ರಾಮರಾಯರ ‘ಬಂಗಾರದ ಮನುಷ್ಯ’ 1972ರಲ್ಲಿ ರಾಜಕುಮಾರರಿಗೆ ಏನು ಮಾಡಿತು ಎಂಬುದನ್ನು ಹೇಳಬೇಕಿಲ್ಲ. ರಂಗಭೂಮಿಯ ನಟನ ಮೇಲೆ ಅನಕೃ ‘ನಟಸಾರ್ವಭೌಮ’ ಬರೆದರು. ಸಿನಿಮಾ ತಾರೆಯ ಬದುಕನ್ನು, ಅವಳ ಹಿಂದೆ ಕುಣಿದವಳ ಬದುಕನ್ನು ಹೀಗೆ ಒಳಹೊಕ್ಕು ಬರೆದ ಕನ್ನಡ ಕಾದಂಬರಿ ನಾನು ಓದಿದವುಗಳಲ್ಲಿ ಸಿಕ್ಕಲಿಲ್ಲ. ಸಾಮಗ್ರಿ ಇಲ್ಲವೆನ್ನಲಾದೀತೆ? 1954ರ ‘ಬೇಡರ ಕಣ್ಣಪ್ಪ’ದಿಂದ ಹಿಡಿದು ಎಷ್ಟು ಕನ್ನಡ ಚಿತ್ರಗಳು ಇದೇ ಮದರಾಸಿನಲ್ಲಿ ತಯಾರಾದವು! ನಮ್ಮ ತಾಳವಾಡಿ ಸೀಮೆಯ ಗಾಜನೂರಿನ ಮುತ್ತುರಾಜರು ರಾಜಕುಮಾರರಾದದ್ದು ಇಲ್ಲಿ. ಕಲ್ಪನಾ 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಬಳಿಯ ಗೋಟೂರಿನಲ್ಲಿ ಸತ್ತರು. ಅವರ ಬಗ್ಗೆ ಕಣ್ಣೀರಿನ ಲೇಖನಗಳು ಬಹಳ ಬಂದವು. ಅವರ ಹೆಸರಿನಿಂದ ಯಾರು ಯಾರು ಎಷ್ಟು ಗಳಿಸಿದರು ಎಂದು ಲೆಕ್ಕ ಹಾಕಿ ಬರೆದವರುಂಟೆ?

ಚಿತ್ರೋದ್ಯಮ ಬೆಂಗಳೂರಿಗೆ ಹೋಯಿತು, ಸ್ಟುಡಿಯೋಗಳ ಜತೆ ನೆನಪೂ ಚದುರಿತು. ಆ ಕಾಲದಲ್ಲಿ ಇಲ್ಲಿ ಬೆಳಕು ಹಿಡಿದ, ಬಟ್ಟೆ ಹೊಲಿದ, ಗುಂಪಿನಲ್ಲಿ ನಿಂತ ಕನ್ನಡದವರು ಒಬ್ಬಿಬ್ಬರಾದರೂ ಈ ಊರಲ್ಲಿ ಮುದುಕರಾಗಿ ಕೂತಿರಬೇಕು. ಕನ್ನಡ ಎಂ.ಎ. ಮಾಡುತ್ತಿರುವ ನಮ್ಮ ಅಣ್ಣಂದಿರು, ಅಕ್ಕಂದಿರು ಹಳಗನ್ನಡದ ಜತೆಗೆ ಇವರನ್ನೂ ಸ್ವಲ್ಪ ಹುಡುಕಿಕೊಂಡು ಹೋಗಬಾರದೆ? ಲೆಕ್ಕ ಬರೆಯೋ ಕೆಲಸಕ್ಕೆ ನಾನು ಬರುತ್ತೇನೆ.

ಪುಸ್ತಕ ನನ್ನ ಹತ್ತಿರ ಇದೆ, ಮೂರ್ ಮಾರ್ಕೆಟ್ಟಿನ ಹಳೇ ಪುಸ್ತಕದಂಗಡಿಯಲ್ಲಿ ಕೊಂಡದ್ದು, ರಟ್ಟು ಕಿತ್ತಿದೆ. ತಮಿಳು ಓದಬಲ್ಲವರು ಒಯ್ಯಬಹುದು. ಓದಲು ಬಾರದವರಿಗೆ ಭಾನುವಾರ ಮಧ್ಯಾಹ್ನ ಮನೋನ್ಮಣಿಯ ಭಾಗಗಳನ್ನಾದರೂ ಓದಿ ಹೇಳುತ್ತೇನೆ. ಅರುಣನ ಭಾಗಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ.