ಕನ್ನಡ ಕೈಯಿಂದ ಬರುತ್ತದೆ, ಝೆರಾಕ್ಸ್ ಹಾಳೆಯಿಂದಲ್ಲ



ಕಳೆದ ಸಂಕ್ರಾಂತಿ ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತಿದ್ದಾಗ ಹಿರಿಯರೊಬ್ಬರು ಕೇಳಿದರು: "ಏನ್ ಡಾಕ್ಟ್ರೇ, ಮಗಳನ್ನ ಒಂದು ವರ್ಷ ಸ್ಕೂಲು ಬಿಡಿಸಿ ಮನೇಲಿ ಕೂರಿಸಿದ್ರಂತೆ, ನಿಜಾನಾ?" ದನಿಯಲ್ಲಿ ಕುತೂಹಲಕ್ಕಿಂತ ಕನಿಕರವೇ ಹೆಚ್ಚಿತ್ತು. ನಿಜ. ಆದರೆ ಕೂರಿಸಲಿಲ್ಲ, ಆ ವರ್ಷ ಅವಳು ಕೂತದ್ದೇ ಕಡಿಮೆ. ಈ ಸುದ್ದಿ ಬೆನ್ನ ಹಿಂದೆ ಓಡಾಡುವ ಬದಲು ನಮ್ಮ ಪತ್ರಿಕೆಯಲ್ಲೇ ಬರೆದುಬಿಡುತ್ತೇನೆ. ಬೈಯುವವರು ಓದಿಯಾದ ಮೇಲೆ ಬೈಯಿರಿ!

2023ರ ಆಗಸ್ಟ್‌ನಿಂದ ಒಂದು ವರ್ಷ, ಐದನೇ ಗ್ರೇಡಿಗೆ ಹೋಗಬೇಕಿದ್ದ ನಮ್ಮ ಚಿಕ್ಕ ಮಗಳು ಮನೆಯಲ್ಲಿಯೇ ಕಲಿತಳು. ಟೈಮ್‌ಟೇಬಲ್ ಇಲ್ಲ, ಪಠ್ಯಪುಸ್ತಕ ಇಲ್ಲ. ಇದಕ್ಕೆ ಇಲ್ಲಿನವರು 'ಅನ್‌ಸ್ಕೂಲಿಂಗ್' ಎನ್ನುತ್ತಾರೆ. 1977ರಲ್ಲಿ ಜಾನ್ ಹೋಲ್ಟ್ ಎಂಬ ಅಮೆರಿಕನ್ ಶಿಕ್ಷಕರು ಇದಕ್ಕಾಗಿಯೇ ಒಂದು ಪತ್ರಿಕೆ ಆರಂಭಿಸಿ ಈ ಪದವನ್ನು ಚಲಾವಣೆಗೆ ತಂದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದ್ದು ಅದಕ್ಕೂ ಎಷ್ಟೋ ಮೊದಲು. ಆದರೆ ನಮಗೆ ಹಿತ್ತಲ ಗಿಡ ಮದ್ದಲ್ಲವಲ್ಲ!

ಮೊದಲು ವಿರೋಧಿಸಿದವನು ನಾನೇ. ಎಂ.ಬಿ.ಬಿ.ಎಸ್. ಮುಗಿಸಿ, ಇಲ್ಲಿ ಬಂದು ಮತ್ತೆ ಪರೀಕ್ಷೆ ಬರೆದು, ರೆಸಿಡೆನ್ಸಿ ಮಾಡಿ ಕ್ಯಾರಲ್ಟನ್ ಸೇರಿದವನು ನಾನು. ಪರೀಕ್ಷೆಯ ಏಣಿ ಹತ್ತಿ ಬಂದವನಿಗೆ ಏಣಿಯೇ ಬೇಡ ಎಂದರೆ ಹೇಗಾಗಬೇಡ? ನನ್ನಾಕೆ ಒಂದೇ ಮಾತು ಕೇಳಿದಳು: "ರೀ, ದೊಡ್ಡವನು ಎಲ್ಲ ಟೆಸ್ಟಲ್ಲೂ ನೂರಕ್ಕೆ ನೂರು ತಂದ. ಅಜ್ಜಿ ಹತ್ರ ಫೋನಲ್ಲಿ ಎರಡು ಮಾತು ಆಡ್ತಾನಾ?" ನನ್ನಲ್ಲಿ ಉತ್ತರವಿರಲಿಲ್ಲ.

"ಇದು ಕಾನೂನಿಗೆ ವಿರುದ್ಧ ಅಲ್ವಾ?" ಎಂದು ಹಲವರು ಕೇಳಿದ್ದಾರೆ. ಅಲ್ಲ. ಹಿಂದೆ ಟೆಕ್ಸಸ್‌ನಲ್ಲಿ ಮನೆಯಲ್ಲಿ ಪಾಠ ಹೇಳಿಕೊಟ್ಟ ತಂದೆತಾಯಿಯರ ಮೇಲೆ ಮೊಕದ್ದಮೆ ಹೂಡಿದ್ದುಂಟು. ನಮ್ಮ ನೆರೆಯ ಆರ್ಲಿಂಗ್ಟನ್ ಶಾಲಾ ಜಿಲ್ಲೆಯ ವಿರುದ್ಧ 1985ರಲ್ಲಿ ಹೂಡಿದ ಲೀಪರ್ ದಾವೆ 1994ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಪೋಷಕರ ಪರವಾಗಿ ಇತ್ಯರ್ಥವಾಯಿತು. ಅಂದಿನಿಂದ ಇಲ್ಲಿ ಮನೆಯ ಶಾಲೆಯೆಂದರೆ ಖಾಸಗಿ ಶಾಲೆ. ಓದು, ಕಾಗುಣಿತ, ವ್ಯಾಕರಣ, ಗಣಿತ, ಉತ್ತಮ ಪೌರತ್ವ, ಈ ಐದನ್ನು ಪ್ರಾಮಾಣಿಕವಾಗಿ ಕಲಿಸಬೇಕು, ಅಷ್ಟೆ. ವಿಜ್ಞಾನ ಆ ಪಟ್ಟಿಯಲ್ಲೇ ಇಲ್ಲ! ಕಾನೂನು ಇಷ್ಟು ಸಡಿಲವಿದ್ದಾಗ ಜವಾಬ್ದಾರಿ ಪೂರ್ತಿ ನಮ್ಮದೇ ಎಂಬುದನ್ನು ಮರೆಯಬಾರದು.

ಏನು ಕಲಿತಳು? ಚಿತ್ರದುರ್ಗದ ಕಡೆಯ ಅಜ್ಜಿ (ನಮ್ಮತ್ತೆ) ಬೇಸಿಗೆಯಲ್ಲೇ ಬಂದು ಹಿತ್ತಲಲ್ಲಿ ಅವರೆ ಹಾಕಿದ್ದರು. ಬಳ್ಳಿ ಬೇಲಿ ತುಂಬ ಹಬ್ಬಿತು, ಹೂವಿಲ್ಲ. ಮಗಳು ದಿನವೂ ಸೂರ್ಯ ಮುಳುಗುವ ಹೊತ್ತು ಬರೆದಿಟ್ಟಳು. ಹಗಲು ಕುಗ್ಗಿದ ಮೇಲಷ್ಟೇ ಹೂ ಬಂತು; ಹಗಲಿನ ಉದ್ದಕ್ಕೂ ಹೂವಿಗೂ ನಂಟಿದೆ ಎಂಬುದು ಅವಳಿಗೆ ಹೀಗೆ ತಿಳಿಯಿತು. ಇಲ್ಲಿನ ಕಪ್ಪು ಜೇಡಿ ಬಿರುಕು ಬಿಟ್ಟಾಗ ಅಜ್ಜಿ "ನಮ್ಮೂರ ಎರೆಮಣ್ಣೂ ಹೀಗೇ ಪುಟ್ಟಿ" ಎಂದರು. ಡಬ್ಬಿಯಲ್ಲಿ ಒದ್ದೆ ಮಣ್ಣು ತುಂಬಿ ಒಣಗಿಸಿ, ಎಷ್ಟು ಕುಗ್ಗಿತೆಂದು ಸ್ಕೇಲಿನಲ್ಲಿ ಅಳೆದಳು. ಭಿನ್ನರಾಶಿಯೂ ಬಂತು, ನಾವೆಲ್ಲ ಮನೆಯ ಫೌಂಡೇಶನ್‌ಗೆ ಏಕೆ ನೀರು ಬಿಡುತ್ತೇವೆ ಎಂಬುದೂ ತಿಳಿಯಿತು. 2024ರ ಏಪ್ರಿಲ್ 8ರಂದು ಪೂರ್ಣ ಸೂರ್ಯಗ್ರಹಣ ನಮ್ಮ ನೆತ್ತಿಯ ಮೇಲೇ ಬಂದಾಗ, ಅಡುಗೆಮನೆಯ ಜರಡಿ ಹಿಡಿದು ನೆಲದ ಮೇಲೆ ನೂರಾರು ಪುಟ್ಟ ಅರ್ಧಸೂರ್ಯರನ್ನು ಬೀಳಿಸಿ ಅಜ್ಜಿಗೆ ತೋರಿಸಿದಳು. ಅಜ್ಜಿ ಗ್ರಹಣದ ಸ್ನಾನ ಬಿಡಲಿಲ್ಲ, ಅದು ಬೇರೆ ಮಾತು!

ನನ್ನ ಮುಖ್ಯ ಮಾತು ಇನ್ನು ಮುಂದಿದೆ. ಹೆಚ್ಚು, ಕೊಚ್ಚು, ಸೀಳು, ತುರಿ, ಜಜ್ಜು, ಹಿಸುಕು: ಈ ಕ್ರಿಯಾಪದಗಳನ್ನು ಯಾರೂ ಅವಳಿಗೆ ಬಾಯಿಪಾಠ ಮಾಡಿಸಲಿಲ್ಲ. ನೆನೆದ ಅವರೆಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸಿದವಳಿಗೆ ಹಿತಕಿದಬೇಳೆ ಎಂದರೇನೆಂದು ಹೇಳಿಕೊಡಬೇಕೇ? ನಾಲ್ಕು ವರ್ಷ ಕನ್ನಡ ತರಗತಿಗೆ ಹೋಗಿ ಬಾರದ ಮಾತು ನಾಲ್ಕು ತಿಂಗಳಲ್ಲಿ ಬಂತು.

ವೈದ್ಯನಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಎದೆಯನ್ನು ಬೆರಳಿನಿಂದ ತಟ್ಟಿ ಪರೀಕ್ಷಿಸುವ ವಿಧಾನವನ್ನು 1761ರಲ್ಲಿ ಪ್ರಕಟಿಸಿದ ಆಯೆನ್‌ಬ್ರುಗ್ಗರ್ ಒಬ್ಬ ಛತ್ರದ ಯಜಮಾನನ ಮಗ. ಪೀಪಾಯಿ ತಟ್ಟಿ ಒಳಗೆಷ್ಟು ದ್ರಾಕ್ಷಾರಸವಿದೆ ಎಂದು ತಿಳಿಯುವುದನ್ನು ಅವನು ಅಪ್ಪನ ಅಂಗಡಿಯಲ್ಲೇ ಕಂಡಿದ್ದನಂತೆ. ನಮ್ಮಜ್ಜಿ ಹಲಸಿನಹಣ್ಣು ತಟ್ಟಿ ನೋಡುತ್ತಿದ್ದದ್ದೂ ಅದೇ ವಿದ್ಯೆ. ನಾನು ಬಾಯಿಪಾಠ ಮಾಡಿದ ಅನಾಟಮಿ ಅರ್ಧ ಮರೆತಿದೆ. ವಾರ್ಡಿನಲ್ಲಿ ಕೈಯಿಟ್ಟು ಕಲಿತದ್ದು ಮರೆತಿಲ್ಲ.

ಹಾಗೆಂದು ಎಲ್ಲವೂ ಸಕ್ಕರೆಯಾಗಿರಲಿಲ್ಲ. ಡಿಸೆಂಬರ್ ಹೊತ್ತಿಗೆ ಮಗಳಿಗೆ ಗೆಳತಿಯರಿಲ್ಲದ ಬೇಸರ, ನನ್ನಾಕೆಗೆ ಬಿಡುವಿಲ್ಲದ ದಣಿವು. ಉದ್ದ ಭಾಗಾಕಾರದಲ್ಲಿ ಮಗಳು ಹಿಂದೆ ಬಿದ್ದಳು. 2024ರಲ್ಲಿ ಶಾಲೆಗೆ ಮರಳಿದ ಮೇಲೆ ಎರಡು ತಿಂಗಳು ಹೆಣಗಿ ಸರಿಮಾಡಿಕೊಂಡಳು. ಮೇಲಾಗಿ, ನನ್ನೊಬ್ಬನ ಸಂಬಳದಲ್ಲಿ ಮನೆ ನಡೆಯುತ್ತಿದ್ದರಿಂದ ಒಬ್ಬರು ಕೆಲಸ ಬಿಡಲು ಸಾಧ್ಯವಾಯಿತು. ಎಲ್ಲರಿಗೂ ಇದು ಆಗದು. ಆದ್ದರಿಂದ ಮಕ್ಕಳನ್ನು ಶಾಲೆ ಬಿಡಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ನಾನು ಕೇಳುವುದು ವಾರಕ್ಕೆ ಎರಡು ಗಂಟೆ ಮಾತ್ರ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಏನು ನಡೆಯುತ್ತಿದೆ? ಮಕ್ಕಳು ಝೆರಾಕ್ಸ್ ಹಾಳೆಯ ಮೇಲೆ ಅ-ಆ-ಇ-ಈ ತಿದ್ದುತ್ತಾರೆ, 'ಗಣಪ' ಎಂದು ಗಿಣಿಪಾಠ ಒಪ್ಪಿಸುತ್ತಾರೆ, ಬಾಗಿಲು ದಾಟಿದೊಡನೆ ಇಂಗ್ಲಿಷ್. ಅದೇ ಹೊತ್ತಿಗೆ ಆರು ತಿಂಗಳ ವೀಸಾದಲ್ಲಿ ಬಂದ ಅಜ್ಜ-ಅಜ್ಜಿಯರು ಸೋಫಾದ ಮೇಲೆ ಕೂತು ಕಿಟಕಿ ನೋಡುತ್ತಿರುತ್ತಾರೆ. ಇದಕ್ಕಿಂತ ದೊಡ್ಡ ದಂಡ ಉಂಟೇ? ರಾಜ್ಯೋತ್ಸವದಲ್ಲಿ ನಾವು ವೇದಿಕೆಗೆ ಕರೆದು ಫಲಕ ಕೊಡುವುದು ಹೆಚ್ಚು ಅಂಕ ತೆಗೆದ ಮಕ್ಕಳಿಗೆ. ಅವರಲ್ಲಿ ಎಷ್ಟು ಮಂದಿ ಕನ್ನಡದಲ್ಲಿ ವಂದನೆ ಹೇಳಿದ್ದಾರೆ?

ಕಾರ್ಯಕಾರಿ ಸಮಿತಿಗೆ ನನ್ನ ಬೇಡಿಕೆ ಮೂರು. ತರಗತಿಯ ಅರ್ಧ ಹೊತ್ತು ಕೈಕೆಲಸಕ್ಕೆ ಇರಲಿ: ಮೊಸರು ಕಡೆಯಲಿ, ಬೀಜ ಬಿತ್ತಲಿ, ತಕ್ಕಡಿಯಲ್ಲಿ ತೂಗಲಿ, ಸೈಕಲ್ ಬಿಚ್ಚಿ ಜೋಡಿಸಲಿ, ಮಾತೆಲ್ಲ ಕನ್ನಡದಲ್ಲಿ. ಊರಿಂದ ಬಂದ ಹಿರಿಯರನ್ನು ಮೇಷ್ಟ್ರಾಗಿ ಕರೆಯಿರಿ. ಕಾರಿನಲ್ಲಿ ಕರೆತರುವ ಭಾರ ನಮ್ಮದು. ಬರುವ ರಾಜ್ಯೋತ್ಸವದಲ್ಲಿ ಒಂದು ಫಲಕವನ್ನಾದರೂ, ಏನಾದರೂ ಮಾಡಿ ತಂದು ಅದನ್ನು ಕನ್ನಡದಲ್ಲಿ ವಿವರಿಸುವ ಮಗುವಿಗೆ ಕೊಡಿ.

ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ನಮ್ಮ ಮಕ್ಕಳ ವಿಷಯದಲ್ಲಿ, ಕೈ ಕೆಸರಾದರೆ ಬಾಯಿ ಕನ್ನಡ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಉತ್ತರಿಸಿ. ಒಪ್ಪುವವರು ಮುಂದಿನ ಭಾನುವಾರ ಹತ್ತು ಗಂಟೆಗೆ ಒಂದು ಕಡೆಗೋಲು ತನ್ನಿ. ಮೊಸರು ನಾನು ತರುತ್ತೇನೆ.

ನಮಸ್ಕಾರಗಳೊಂದಿಗೆ,
ನಿಮ್ಮಲ್ಲೊಬ್ಬ ವೈದ್ಯ, ಕ್ಯಾರಲ್ಟನ್