ಕರಿಯನ ಕಣ್ಣಂಚಿನ ಹಕ್ಕಳೆ

ನಮ್ಮ ನಾಯಿ ಕರಿಯನಿಗೆ ಏಳು ತಿಂಗಳಾಗಿದ್ದಾಗ ಕಣ್ಣಂಚಿನಲ್ಲಿ, ತುಟಿಯ ಸುತ್ತ ಬೂದುಬಣ್ಣದ ಹಕ್ಕಳೆ ಕಟ್ಟಿತು. ಆಮೇಲೆ ಅಂಗಾಲು ಬಿರಿದು ಕುಂಟತೊಡಗಿದ. "ಕಜ್ಜಿ ಕಣಕ್ಕಾ, ಟ್ರ್ಯಾಕ್ಟರ್ ಹಳೇ ಆಯಿಲ್ ಬಳಿದ್ಬಿಡು" ಅಂದ ಪಕ್ಕದ ಮನೆ ಹುಡುಗ. ಅರಕಲಗೂಡಿನ ಆಲೂಗಡ್ಡೆ ಹೊಲ, ಚನ್ನರಾಯಪಟ್ಟಣದ ತೆಂಗಿನ ತೋಟ ಕಾಯುವ ನಾಯಿಗಳ ಮೈಮೇಲೆ ಆ ಕಪ್ಪು ಜಿಡ್ಡನ್ನು ನೋಡಿದ್ದೇನೆ. ನಾಯಿ ಮೈ ನೆಕ್ಕುತ್ತದೆ, ಬಳಿದದ್ದು ಹೊಟ್ಟೆಗೇ ಹೋಗುತ್ತದೆ. ದಯವಿಟ್ಟು ಯಾರೂ ಬಳಿಯಬೇಡಿ.

ನಾನು ಮಾಡಿದ ತಪ್ಪು ಬೇರೆ. ಬೆಳೆಯುವ ಮರಿ, ಮೂಳೆ ಗಟ್ಟಿಯಾಗಲಿ ಎಂದು ಕ್ಯಾಲ್ಸಿಯಂ ಟಾನಿಕ್ ತಂದು ಎರಡು ತಿಂಗಳು ಕುಡಿಸಿದೆ. ಹಕ್ಕಳೆ ಮೊಣಕೈಗೂ ಹಬ್ಬಿತು.

ಹೊಳೆನರಸೀಪುರದಲ್ಲಿ ಡಾಕ್ಟರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಜ್ಜಿಹುಳು ಇರಲಿಲ್ಲ. "ಊಟ ಏನು ಹಾಕ್ತೀರಮ್ಮ?" ಎಂದರು. ಎರಡು ಹೊತ್ತೂ ರಾಗಿಮುದ್ದೆ, ಮಜ್ಜಿಗೆ ಎಂದೆ. "ಸತು ಸಾಲ್ತಿಲ್ಲ" ಎಂದರು.

ರಾಗಿಯಲ್ಲಿ ಸತು ಇಲ್ಲವೆಂದಲ್ಲ. ಅದರಲ್ಲಿರುವ ಫೈಟೇಟ್ ಎಂಬ ಅಂಶ ಸತುವನ್ನು ಕಚ್ಚಿ ಹಿಡಿದು ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ ಹೆಚ್ಚಾದಷ್ಟೂ ಆ ಹಿಡಿತ ಬಿಗಿ. ಅದರ ಮೇಲೆ ನಾನು ಟಾನಿಕ್ ಸುರಿದಿದ್ದೆ.

ಹಸುವಿಗೆ ಡೇರಿಯಿಂದ ಖನಿಜ ಮಿಶ್ರಣ ತಂದು ದಿನವೂ ಅಳೆದು ಹಾಕುತ್ತೇನೆ. ಅದೇ ಕೊಟ್ಟಿಗೆಯನ್ನು ರಾತ್ರಿಯಿಡೀ ಕಾಯುವ ಜೀವಕ್ಕೆ ಮಿಕ್ಕ ಮುದ್ದೆ. ಹಾಗೆಂದು ಹಸುವಿನ ಮಿಶ್ರಣವನ್ನು ನಾಯಿಗೆ ಹಾಕಬಾರದು. ಅದು ಮೆಲುಕು ಹಾಕುವ ಪ್ರಾಣಿಯ ಲೆಕ್ಕಕ್ಕೆ ಬೆರೆಸಿದ್ದು. ಸತುವಿನ ಮಾತ್ರೆಯನ್ನೂ ಡಾಕ್ಟರು ಹೇಳಿದಷ್ಟೇ ಕೊಡಬೇಕು. ಅತಿಯಾದರೆ ತಾಮ್ರ ಮೈಗೆ ಹತ್ತದೆ ರಕ್ತಹೀನತೆ ಬರಬಹುದು.

ನಮ್ಮ ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಹಳ್ಳಿಗಳಲ್ಲಿ ರೇಬೀಸ್ ಲಸಿಕೆ ಹಾಕುವ ದಿನ ನಾವು ನಾಯಿ ಹಿಡಿದು ಸಾಲು ನಿಂತಿರುತ್ತೇವೆ. ಆಗ ಆ ಕಾಲೇಜಿನವರು ಅಂಗಾಲು, ಕಣ್ಣಂಚನ್ನೊಮ್ಮೆ ನೋಡಿ, ಊಟದ ಬಗ್ಗೆ ನಾಲ್ಕು ಮಾತು ಹೇಳಿಕೊಡುವ ಏರ್ಪಾಡು ಆಗಬೇಕು. ಅದಕ್ಕೆ ಬೇರೆ ಕಟ್ಟಡ, ಬೇರೆ ದುಡ್ಡು ಬೇಕಿಲ್ಲ.

ಕರಿಯನಿಗೆ ಟಾನಿಕ್ ನಿಲ್ಲಿಸಿದೆ. ಮುದ್ದೆ ಅರ್ಧವಾಯಿತು. ಜೊತೆಗೆ ಮೊಟ್ಟೆ, ಈರುಳ್ಳಿ ಹಾಕದೆ ಬೇಯಿಸಿದ ಮಾಂಸದ ಚೂರು, ವಾರಕ್ಕೆರಡು ಸಲ ಒಂದಿಷ್ಟು ಲಿವರ್. ಆರನೇ ವಾರ ಕರಿಯನ ಮುಖ ಸವರುತ್ತಿದ್ದೆ. ಹಕ್ಕಳೆ ಉದುರಿದ ಜಾಗದಲ್ಲಿ, ಕಣ್ಣಿನ ಕೆಳಗೆ, ಎಳೆಯ ಕಪ್ಪು ಕೂದಲು ಬೆರಳಿಗೆ ಸಿಕ್ಕಿತು.