ಮಗು ಸಾಕುವವನಿಗೆ ಲೆಕ್ಕ ಕೊಡುವವರು ಯಾರು?



ಸಾಲದ ಹೊರೆ ತಾಳಲಾರದೆ ಒಬ್ಬ ರೈತ ಪ್ರಾಣ ಬಿಟ್ಟರೆ ಮೂರು ದಿನ ಪತ್ರಿಕೆಯಲ್ಲಿ ಬರುತ್ತದೆ. ಅಧಿಕಾರಿಗಳು ಬರುತ್ತಾರೆ, ಮಂತ್ರಿಗಳು ಬರುತ್ತಾರೆ, ಫೋಟೋ ಆಗುತ್ತದೆ. ಹನ್ನೊಂದರ ತಿಥಿ ಮುಗಿದು ಚಪ್ಪರ ಬಿಚ್ಚಿದ ಮೇಲೆ ಆ ಮನೆಯ ಮಕ್ಕಳು ಎಲ್ಲಿಗೆ ಹೋದವು ಎಂದು ಕೇಳಿದವರುಂಟೆ? ಸೋದರಮಾವನ ಮನೆಗೆ ಹೋದವು ಸ್ವಾಮಿ. ಇಲ್ಲವೆ ದೊಡ್ಡಪ್ಪನ ಮನೆಗೆ, ಅಜ್ಜಿಯ ಮನೆಗೆ. ಅಲ್ಲೂ ಇರುವುದು ಎರಡೆಕರೆ ಮಳೆ ನಂಬಿದ ಹೊಲ, ಸೊಸೈಟಿಯಲ್ಲಿ ಬೆಳೆಸಾಲ, ಹೆಂಡತಿಯ ಸರ ಗಿರವಿ ಅಂಗಡಿಯಲ್ಲಿ. ಆದರೂ ಆ ಮಾವ ತುಟಿಪಿಟಕ್ಕೆನ್ನದೆ ಎರಡು ತಟ್ಟೆ ಹೆಚ್ಚಿಗೆ ಇಡುತ್ತಾನೆ. ಕೇಳಿದರೆ, "ನಮ್ಮಕ್ಕನ ಮಕ್ಳು ಕಣಣ್ಣ, ಅದಕ್ಕೂ ಲೆಕ್ಕ ಹಾಕಕ್ಕಾಯ್ತದಾ?" ಅಂತಾನೆ.

ಅವನು ಲೆಕ್ಕ ಹಾಕುವುದು ಬೇಡ, ನಾವು ಹಾಕೋಣ. ಅವನು ಲೆಕ್ಕ ಹಾಕದೆ ಇರುವುದರಿಂದಲೇ ಸರ್ಕಾರ ಹಾಯಾಗಿದೆ.

2015ರಿಂದ ನಮ್ಮ ರಾಜ್ಯದಲ್ಲಿ ಇಂಥ ರೈತನ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ, ವಿಧವೆಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಎಂದಾಯಿತು. ಹೋರಾಟ ಮಾಡಿ ಪಡೆದದ್ದು, ಸಂತೋಷ. ಆದರೆ ಆ ದುಡ್ಡು ಬರುವ ಮೊದಲೇ ಕೈಗಡ ಕೊಟ್ಟವರು ಜಗಲಿಯ ಮೇಲೆ ಕೂತಿರುತ್ತಾರೆ. ಮಗುವಿನ ಹೊಟ್ಟೆ, ಬಟ್ಟೆ, ಪುಸ್ತಕ ಎಂದು ಅದರಲ್ಲಿ ಉಳಿಯುವುದೇನು?

ಮಗುವಿಗೆಂದೇ ಬೇರೆ ನೆರವೊಂದಿದೆ. ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಅದರ ಹೆಸರೇ ಗೊತ್ತಿಲ್ಲ ಎಂದರೆ ಹೆಚ್ಚು ಹೇಳಿದಂತಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಎರಡು ದಾರಿ ಹೇಳಿದ್ದಾರೆ. ನೆಂಟರಲ್ಲದವರ ಮನೆಯಲ್ಲಿ ಮಗುವನ್ನು ಸಾಕಲು ಬಿಡುವುದು ಪೋಷಕತ್ವ. ತಾಯಿಯೊಬ್ಬಳೇ ಸಾಕುತ್ತಿರುವ ಅಥವಾ ತಬ್ಬಲಿಯಾಗಿ ನೆಂಟರ ಮನೆಯಲ್ಲಿ ಬೆಳೆಯುತ್ತಿರುವ ಮಗುವಿಗೆ ಹಣ ಕೊಡುವುದು ಪ್ರಾಯೋಜಕತ್ವ. 2022ರಲ್ಲಿ ಬಂದ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಇದನ್ನು ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಎಂದು ಗೊತ್ತುಮಾಡಿದರು. ದಿನಕ್ಕೆ ನೂರಮೂವತ್ತು ಚಿಲ್ಲರೆ. ಅಷ್ಟಾದರೂ ಸರಿ ಅನ್ನೋಣ.

ಕೊಕ್ಕೆ ಇರುವುದು ಮುಂದೆ. ಪ್ರಾಯೋಜಕತ್ವ ಬೇಕಾದರೆ ಹಳ್ಳಿಯ ಕುಟುಂಬದ ವರ್ಷದ ಆದಾಯ 72,000 ರೂಪಾಯಿ ಮೀರಕೂಡದಂತೆ. 2024–25ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ಮಾವನೊಬ್ಬ ಆ ದರದಲ್ಲಿ ಯಾರ ಹೊಲದಲ್ಲಾದರೂ 207 ದಿನ ದುಡಿದರೆ 72,243 ರೂಪಾಯಿ ಆಯಿತು, ಮಿತಿ ದಾಟಿತು! ಹೆಂಡತಿಯೂ ಕೂಲಿಗೆ ಹೋದರೆ ಅವಳೇ ಅಪರಾಧಿ. ಪಟ್ಟಣದವರಿಗಾದರೆ ಮಿತಿ 96,000. ಹಳ್ಳಿಯ ಮಗುವಿನ ಹೊಟ್ಟೆ ಚಿಕ್ಕದೇನ್ರಪ್ಪ? ಎಣ್ಣೆ, ಸೋಪು, ನೋಟು ಪುಸ್ತಕವನ್ನು ನಮ್ಮೂರ ಅಂಗಡಿಯವನು ಅಗ್ಗಕ್ಕೆ ಕೊಡುತ್ತಾನೆಯೆ? ಇನ್ನು ಆದಾಯ ಪ್ರಮಾಣಪತ್ರ ಬರೆಯುವವರು ಪಹಣಿ ನೋಡುತ್ತಾರೆ, ಸೊಸೈಟಿಯ ಬಾಕಿ ನೋಡುವುದಿಲ್ಲ. ಮೂರೆಕರೆ ಇದ್ದವನು ಅವರ ಕಣ್ಣಿಗೆ ಸಾಹುಕಾರ. ಬೆಳೆಯ ಖರ್ಚು ಹಾಕುವಾಗ ನಮ್ಮ ಮನೆಮಂದಿಯ ದುಡಿಮೆಗೆ ತಕ್ಕ ಬೆಲೆ ಕಟ್ಟದವರು ಮಕ್ಕಳನ್ನು ಸಾಕುವ ದುಡಿಮೆಗೆ ಕಟ್ಟಿಯಾರೆ?

ಅದೇ ಮಗುವನ್ನು ಬಾಲಮಂದಿರಕ್ಕೆ ಬಿಟ್ಟರೆ ಕಟ್ಟಡ, ಅಡಿಗೆಯವರು, ಕಾವಲಿನವರು, ಮೇಲ್ವಿಚಾರಕರು, ಎಲ್ಲದಕ್ಕೂ ಬೊಕ್ಕಸ ತೆರೆಯುತ್ತದೆ. ಮಾವನ ಮನೆಯಲ್ಲಿ ಉಳಿದರೆ ಮಾತ್ರ ಅದು ನೆಂಟಸ್ತನ, ಧರ್ಮ, ಕರುಳು! ನಮ್ಮ ಕರುಳನ್ನು ಸರ್ಕಾರ ತನ್ನ ಉಳಿತಾಯದ ಬಾಬ್ತಿಗೆ ಬರೆದುಕೊಂಡಿದೆ. ಸಾಕುವ ಮನೆಗೆ ಆದಾಯದ ಮಿತಿ ಇರಬಾರದು. ಹಣ ಮಗುವಿನ ಹಕ್ಕು, ಮಾವನಿಗೆ ಕೊಡುವ ಭಿಕ್ಷೆಯಲ್ಲ.

ಸಾಲದ ಮಾತಿಗೆ ಬರೋಣ. ಅಪ್ಪ ಸತ್ತ ಆರು ತಿಂಗಳಿಗೆ ವಸೂಲಿಯವನು ಮಾವನ ಬಾಗಿಲಿಗೆ ಬಂದು, "ಮಕ್ಳು ನಿಮ್ಮಲ್ಲೇ ಅವ್ರಲ್ಲ, ನೀವೇ ಕಟ್ಟಿ" ಎನ್ನುವುದುಂಟು. ಹೆದರಬೇಡಿ. ಜಾಮೀನು ಸಹಿ ಹಾಕದ ಮಾವನಿಗೂ ಆ ಸಾಲಕ್ಕೂ ಸಂಬಂಧವಿಲ್ಲ. ಮಕ್ಕಳನ್ನಾದರೂ ಸತ್ತವನು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ ಕೇಳಬಹುದು, ಅದರಾಚೆಗೆ ಒಂದು ಕಾಸೂ ಇಲ್ಲ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ವಾದವನ್ನೇ ಹಿಡಿದು ಕೋರ್ಟಿಗೆ ಹೋಗುವ ದಾರಿಯನ್ನು, ಆಮೇಲೆ ಮಾಡಿದ ಸಾಲಗಳ ಮಟ್ಟಿಗೆ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಲ್ಲೇ ಮುಚ್ಚಿದ್ದಾರೆ. ವಸೂಲಿಯವನಿಗೆ ಇದು ಗೊತ್ತು. ನಿಮಗೆ ಗೊತ್ತಿಲ್ಲ ಎಂಬುದೂ ಅವನಿಗೆ ಗೊತ್ತು.

ಸರ್ಕಾರವನ್ನು ಬೈದದ್ದಾಯಿತು. ಈಗ ನಮ್ಮ ಮನೆಯೊಳಗಿನದನ್ನೂ ಹೇಳುತ್ತೇನೆ, ಮುನಿಸಿಕೊಳ್ಳಬೇಡಿ. ಎಲ್ಲ ಮಾವಂದಿರೂ ದೇವರಲ್ಲ, ಎಲ್ಲ ದೊಡ್ಡಪ್ಪಂದಿರೂ ಧರ್ಮರಾಯರಲ್ಲ. ತಬ್ಬಲಿ ಹುಡುಗನನ್ನು ಮನೆಗೆ ತಂದು ದನದ ಹಿಂದೆ ಅಟ್ಟಿದವರಿದ್ದಾರೆ. ಹೆಣ್ಣುಮಗುವಿಗೆ ಹದಿನೆಂಟು ತುಂಬುವ ಮೊದಲೇ 'ಜವಾಬ್ದಾರಿ ಕಳೆಯಿತು' ಎಂದು ತಾಳಿ ಕಟ್ಟಿಸಿದವರಿದ್ದಾರೆ. ಪೌತಿ ಖಾತೆ ಮಾಡಿಸುವಾಗ ಮಕ್ಕಳ ಹೆಸರು ಬಿಟ್ಟು ತಮ್ಮ ಹೆಸರು ಸೇರಿಸಿಕೊಂಡವರಂತೂ ಊರಿಗೊಬ್ಬರು ಸಿಗುತ್ತಾರೆ. ಇವರು ಹೇಳುವುದೇನು? "ಅನ್ನ ಹಾಕಿಲ್ವಾ?" ಅನ್ನ ಹಾಕಿದ್ದಕ್ಕೆ ಜಮೀನೇ ಬೆಲೆಯಾದರೆ ಬಡ್ಡಿ ಸಾಹುಕಾರನಿಗೂ ನಿಮಗೂ ಏನು ವ್ಯತ್ಯಾಸ?

1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯ ಪ್ರಕಾರ ಮಗುವಿನ ಸ್ವಂತ ಜಮೀನನ್ನು ನ್ಯಾಯಾಲಯದ ಅಪ್ಪಣೆಯಿಲ್ಲದೆ ಹೆತ್ತ ತಾಯಿಯೂ ಮಾರುವಂತಿಲ್ಲ. ಸುಮ್ಮನೆ ಸಾಕಿಕೊಂಡ ನೆಂಟನಿಗಂತೂ ಅದನ್ನು ಮುಟ್ಟುವ ಅಧಿಕಾರವೇ ಇಲ್ಲ. (ಕೂಡುಕುಟುಂಬದ ಅವಿಭಕ್ತ ಆಸ್ತಿಯ ಲೆಕ್ಕ ಬೇರೆ. ಅದಕ್ಕೆ ವಕೀಲರನ್ನೇ ಕೇಳಬೇಕು.) ಆ ಹೊಲ ನೀವೇ ಉಳುತ್ತಿದ್ದೀರಾ? ಉಳಿ. ಬೀಜ, ಗೊಬ್ಬರ, ಕೂಲಿ ಕಳೆದು ಉಳಿದದ್ದೆಷ್ಟು, ಮಗುವಿಗೆ ಖರ್ಚಾದದ್ದೆಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ನಾಳೆ ಆ ಹುಡುಗ ಮೀಸೆ ತಿರುವಿ ಕೇಳಿದಾಗ ಬಿಚ್ಚಿ ತೋರಿಸಬಹುದು.

ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮರಣ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪತ್ರ, ಆದಾಯ ಪತ್ರ, ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಮಗು ಶಾಲೆ ಬಿಟ್ಟರೆ ಹಣ ನಿಲ್ಲುತ್ತದೆ, ಅದು ಸರಿಯಾದ ಷರತ್ತೇ. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಗೆ ಬರಬೇಡಿ. ಆದಾಯ ಹೆಚ್ಚೆಂದು ತಿರಸ್ಕರಿಸಿದರೆ ಅದನ್ನು ಬರಹದಲ್ಲೇ ಕೇಳಿ.

ಬರುವ ಗ್ರಾಮಸಭೆಗೆ ಮುನ್ನ ನಿಮ್ಮೂರಿನಲ್ಲಿ ನೆಂಟರ ಮನೆಯಲ್ಲಿ ಬೆಳೆಯುತ್ತಿರುವ ತಬ್ಬಲಿ ಮಕ್ಕಳೆಷ್ಟು, ಯಾರಿಗೆ ನೆರವು ಬಂತು, ಯಾರಿಗೆ ಬರಲಿಲ್ಲ, ಯಾರ ಜಮೀನು ಯಾರ ಹೆಸರಿನಲ್ಲಿದೆ ಎಂದು ಪಟ್ಟಿ ಮಾಡಿ. ಮಕ್ಕಳ ಹೆಸರು ಕೂಗಿ ಓದುವುದು ಬೇಡ, ಸಂಖ್ಯೆ ಸಾಕು. ನಡಾವಳಿ ಪುಸ್ತಕಕ್ಕೆ ಬರೆಸಿ, ನಕಲು ತೆಗೆದಿಡಿ. ಆ ನಕಲುಗಳನ್ನೆಲ್ಲ ಒಟ್ಟಿಗೆ ಕಟ್ಟಿಕೊಂಡು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗೋಣ.